ಗೆಲ್ಲಲು ಏನೂ ಇಲ್ಲದ ಆಟಗಳು

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ವಿಡಿಯೋ ಗೇಮ್ ಸುದ್ದಿಗೆ ಬರುವುದು ಯಾವಾಗ ಹೇಳಿ? 2020ರಲ್ಲಿ ಪಬ್‌ಜಿ ನಿಷೇಧವಾದಾಗ ಬಂತು. ಯಾರೋ ಆನ್‌ಲೈನ್ ರಮ್ಮಿಯಲ್ಲಿ ದುಡ್ಡು ಕಳೆದುಕೊಂಡಾಗ ಬರುತ್ತದೆ. ಹಾಗಾಗಿ ಗೇಮ್ ಅಂದರೆ ಗುಂಡು ಹಾರಿಸುವುದು, ಇಲ್ಲವೇ ಜೂಜು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಆಡುವ ಹುಡುಗರೂ ಕಮ್ಮಿಯಿಲ್ಲ. ಮಜಾ ಬರಬೇಕು, ಗೆಲ್ಲಬೇಕು, ಇಲ್ಲದಿದ್ದರೆ ಅದು ಗೇಮೇ ಅಲ್ಲ ಅನ್ನುತ್ತಾರೆ.

2013ರಲ್ಲಿ ಲೂಕಸ್ ಪೋಪ್ ಅನ್ನುವವರು ಹೆಚ್ಚುಕಮ್ಮಿ ಒಬ್ಬರೇ ಕೂತು 'ಪೇಪರ್ಸ್, ಪ್ಲೀಸ್' ಎಂಬ ಆಟ ಮಾಡಿದರು. ಅದರಲ್ಲಿ ನೀವು ಒಂದು ಕಲ್ಪಿತ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ಗುಮಾಸ್ತ. ಅವಧಿ ಮುಗಿದಿದೆಯಾ? ಫೋಟೋ ಇವರದೇನಾ? ನೋಡಿ, ಸೀಲು ಒತ್ತಿ, ಮುಂದಿನವರನ್ನು ಕರೆಯಬೇಕು. ಎಷ್ಟು ಜನರ ಕಾಗದ ನೋಡಿದಿರೋ ಅಷ್ಟು ಸಂಬಳ. ರಾತ್ರಿ ಆ ದುಡ್ಡಲ್ಲೇ ಬಾಡಿಗೆ, ಊಟ, ಚಳಿಗೆ ಮನೆ ಬೆಚ್ಚಗಿಡುವ ಖರ್ಚು, ಔಷಧಿ. ಎಲ್ಲಕ್ಕೂ ಸಾಲುವುದು ಅಪರೂಪ.

ಒಂದು ದಿನ ಒಬ್ಬ ಬರುತ್ತಾನೆ. ಕಾಗದ ಎಲ್ಲ ಸರಿ. ಹಿಂದೆ ಅವನ ಹೆಂಡತಿ. ಅವಳ ಹತ್ತಿರ ಪರವಾನಗಿ ಇಲ್ಲ. ವಾಪಸ್ ಹೋದರೆ ಕೊಲ್ಲುತ್ತಾರೆ ಅನ್ನುತ್ತಾಳೆ. ಬಿಟ್ಟರೆ ನಿಮಗೆ ತಪ್ಪಿನ ಚೀಟಿ ಬರುತ್ತದೆ. ದಿನದ ಮೊದಲೆರಡು ತಪ್ಪಿಗೆ ಬರೀ ಎಚ್ಚರಿಕೆ, ಆಮೇಲೆ ದಂಡ. ಆಗ ಆಡುವವರು ಏನು ಮಾಡುತ್ತಾರೆ ಗೊತ್ತಾ? ಇವತ್ತು ಎಷ್ಟು ಎಚ್ಚರಿಕೆ ಆಗಿದೆ ಅಂತ ಎಣಿಸುತ್ತಾರೆ. ಎದುರಿಗೆ ಒಂದು ಜೀವ ನಿಂತಿದೆ, ನಾವು ದಂಡದ ಲೆಕ್ಕ ಹಾಕುತ್ತಿದ್ದೇವೆ! ಸಿನಿಮಾ ಆಗಿದ್ದರೆ ಆ ಗುಮಾಸ್ತನನ್ನು ಬೈದು ಎದ್ದು ಬರಬಹುದಿತ್ತು. ಇಲ್ಲಿ ಬೈಸಿಕೊಳ್ಳುವವರು ನಾವೇ. ಕಾದಂಬರಿಗೂ ಇದು ಕಷ್ಟ ಅಂತ ನನ್ನ ಅನಿಸಿಕೆ. ಬೇಕಾದರೆ ಆಮೇಲೆ ಜಗಳ ಆಡೋಣ.

ಪೋಲೆಂಡಿನ 'ದಿಸ್ ವಾರ್ ಆಫ್ ಮೈನ್' (2014) ಯುದ್ಧದ ಆಟ. ಆದರೆ ನೀವು ಸೈನಿಕರಲ್ಲ, ಮುತ್ತಿಗೆ ಬಿದ್ದ ಊರಲ್ಲಿ ಸಿಕ್ಕಿಹಾಕಿಕೊಂಡ ಸಾಮಾನ್ಯ ಜನ. 2020ರಲ್ಲಿ ಪೋಲೆಂಡ್ ಸರ್ಕಾರ ಇದನ್ನು ಶಾಲೆಯ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು.

ಹಾಗಂತ ಸಂಕಟ ಇದ್ದರೇನೇ ಒಳ್ಳೆಯ ಗೇಮ್ ಅಂತಲ್ಲ. 2023ರಲ್ಲಿ ಬಂದ 'ವೆಂಬಾ' ನೋಡಿ. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ಕುಟುಂಬದ ಕತೆ. ಅಮ್ಮನ ಅಡುಗೆ ಪುಸ್ತಕ ಹರಿದು ಹೋಗಿದೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಆಡುತ್ತದೆ ಅಂತ ನೀವೇ ಯೋಚಿಸಬೇಕು. ನಮ್ಮ ಮನೆಗಳಲ್ಲಿ ಎಷ್ಟೋ ಗಂಡಸರಿಗೆ ಇದು ಬಾಸ್ ಫೈಟ್‌ಗಿಂತ, ಅಂದರೆ ಗೇಮಿನಲ್ಲಿ ದೊಡ್ಡ ಖಳನ ಜೊತೆಗಿನ ಕಾದಾಟಕ್ಕಿಂತ, ಕಷ್ಟವೇ, ಅಲ್ವಾ? ಬೇಗ ಮುಗಿಯುತ್ತದೆ, ಒಗಟುಗಳು ಸುಲಭ. ಇನ್ನೂ ಸ್ವಲ್ಪ ಕಾಡಿಸಬೇಕಿತ್ತು ಅನ್ನಿಸಿತು ನನಗೆ.

ಇಂಥದ್ದನ್ನು ಮಾಡಲು ದೊಡ್ಡ ಕಂಪನಿ ಬೇಕಿಲ್ಲ. 'ಟ್ವೈನ್' ಅನ್ನುವ ಉಚಿತ ಸಾಧನವಿದೆ. ಪ್ರೋಗ್ರಾಮಿಂಗ್ ಬರದವರೂ ಬ್ರೌಸರ್‌ನಲ್ಲೇ ಆಯ್ಕೆಗಳಿರುವ ಕತೆ ಕಟ್ಟಬಹುದು. ಕನ್ನಡದಲ್ಲೂ ಬರೆಯಬಹುದು. ಲ್ಯಾಪ್‌ಟಾಪ್ ತಂದವರು ಚಹಾ ಆದಮೇಲೆ ಇಲ್ಲೇ ಇರಿ, ತೋರಿಸುತ್ತೇನೆ.