ಅಕ್ಕಪಕ್ಕದ ಎರಡು ಬಡಾವಣೆಗಳು: ಮನೆ ಮಾಡುವುದು ಯಾವುದರಲ್ಲಿ?

[ದೃಶ್ಯ: ಮೇಲಿನಿಂದ ತೆಗೆದ ಚಿತ್ರ, ಒಂದೇ ರಸ್ತೆಯ ಆಚೆಗೊಂದು, ಈಚೆಗೊಂದು ಬಡಾವಣೆ]

ನಮಸ್ಕಾರ. ಮನೆ ಹುಡುಕಿ ಹುಡುಕಿ ಕೊನೆಯ ಹಂತಕ್ಕೆ ಬಂದವರ ಮುಂದೆ ಬಹಳ ಸಲ ಒಂದಕ್ಕೊಂದು ಅಂಟಿಕೊಂಡಿರುವ ಎರಡು ಬಡಾವಣೆಗಳು ಉಳಿದಿರುತ್ತವೆ. ಆಗ ಹೆಚ್ಚಿನವರು ಉದ್ದನೆಯ ಪಟ್ಟಿಯೊಂದನ್ನು ಮಾಡಿ ಹವಾಮಾನ, ಉದ್ಯೋಗಾವಕಾಶ, ದೊಡ್ಡ ಆಸ್ಪತ್ರೆ ಎಂದು ಎಲ್ಲಕ್ಕೂ ಅಂಕ ಕೊಡುತ್ತಾ ಕೂರುತ್ತಾರೆ. ನೆರೆಯ ಎರಡು ಜಾಗಗಳಿಗೆ ಇವೆಲ್ಲ ಹೆಚ್ಚುಕಡಿಮೆ ಸಮವಾಗಿಯೇ ಇರುವುದರಿಂದ ಅವುಗಳನ್ನು ಮೊದಲೇ ಹೊಡೆದುಹಾಕಿ. ಉಳಿಯುವ ಮೂರ್ನಾಲ್ಕು ವ್ಯತ್ಯಾಸಗಳಲ್ಲಿ ನಿಮ್ಮಿಂದ ಎಂದೂ ಬದಲಾಯಿಸಲಾಗದ್ದು ಯಾವುದೋ ಅದಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ ಕೊಡಿ.

[ದೃಶ್ಯ: ಇಳಿಜಾರು ಬೀದಿಯಲ್ಲಿ ಹರಿಯುವ ಮಳೆನೀರು]

ಅಂಥದ್ದರಲ್ಲಿ ಮೊದಲನೆಯದು ನೆಲದ ಇಳಿಜಾರು. ಎತ್ತರದ ಬಡಾವಣೆಯಲ್ಲಿ ಸುರಿದ ಮಳೆ ತಗ್ಗಿನ ಬಡಾವಣೆಯನ್ನು ಹಾದೇ ಹೋಗಬೇಕು. ಮೇಲ್ಭಾಗದಲ್ಲಿ ಕಾಂಕ್ರೀಟ್ ಹೆಚ್ಚಿದಷ್ಟೂ ನೆಲಕ್ಕೆ ಇಂಗುವ ನೀರು ಕಡಿಮೆಯಾಗಿ, ಕೆಳಗೆ ನುಗ್ಗುವ ನೀರು ಹೆಚ್ಚುತ್ತದೆ. ‘ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ’ ಎಂಬ ಮಾತನ್ನು ಕೇಳಿ ಅನೇಕರು ನಿಶ್ಚಿಂತರಾಗುತ್ತಾರೆ. ಯಾವುದೇ ಒಂದು ವರ್ಷದಲ್ಲಿ ಅಂಥ ಪ್ರವಾಹ ಬರುವ ಸಂಭವ ಶೇ. 1 ಎಂಬುದು ಆ ಮಾತಿನ ಅರ್ಥ. ಅದೇ ಮನೆಯಲ್ಲಿ 30 ವರ್ಷ ಇದ್ದರೆ ಒಮ್ಮೆಯಾದರೂ ಅದನ್ನು ಎದುರಿಸುವ ಸಂಭವ ಸುಮಾರು ಶೇ. 26ಕ್ಕೆ ಏರುತ್ತದೆ, ಅಂದರೆ ಕಾಲು ಭಾಗಕ್ಕಿಂತ ತುಸು ಹೆಚ್ಚು.

[ದೃಶ್ಯ: ಕಾಂಪೌಂಡ್ ಗೋಡೆಯ ಸಮೀಪ ಚಿತ್ರ]

ಪ್ರವಾಹದ ನಕ್ಷೆ ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಗೋಡೆಗಳನ್ನು ನೋಡಿ. ಮೊಣಕಾಲೆತ್ತರದಲ್ಲಿ ಮನೆಯಿಂದ ಮನೆಗೆ ಒಂದೇ ಮಟ್ಟದಲ್ಲಿ ಸಾಗುವ ಕಂದು ಗೆರೆ, ಗೇಟಿನ ಅಡಿಯಲ್ಲಿ ಆಮೇಲೆ ಕಟ್ಟಿಸಿದಂತೆ ಕಾಣುವ ಸಿಮೆಂಟಿನ ದಿಂಡು, ಹಳೆಯ ಜಾಗದಿಂದ ಕಿತ್ತು ಮೇಲಕ್ಕೆ ಏರಿಸಿದ ಮೀಟರ್ ಪೆಟ್ಟಿಗೆ. ಇವುಗಳಲ್ಲಿ ಎರಡು ಒಂದೇ ಬೀದಿಯಲ್ಲಿ ಕಣ್ಣಿಗೆ ಬಿದ್ದರೆ, ಅಲ್ಲಿನ ಹಳಬರನ್ನು ವಿಚಾರಿಸದೆ ದಯವಿಟ್ಟು ಮುಂಗಡ ಕೊಡಬೇಡಿ.

ಇನ್ನು ರಸ್ತೆಯ ವಿಷಯ. ಬಡಾವಣೆಯ ಹೆಸರಿಗಿಂತ ನಿಮ್ಮ ಬೀದಿಯಲ್ಲಿ ಎಷ್ಟು ವಾಹನಗಳು ಓಡಾಡುತ್ತವೆ ಎಂಬುದೇ ಮುಖ್ಯ ಎಂದು ನನಗೆ ಅನಿಸಿದ್ದು ನಗರ ವಿನ್ಯಾಸ ತಜ್ಞ ಡೊನಾಲ್ಡ್ ಆಪಲ್‌ಯಾರ್ಡ್ ಅವರ ಅಧ್ಯಯನವನ್ನು ಓದಿದ ಮೇಲೆ. ಅವರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಕ್ಕಪಕ್ಕದ ಬೀದಿಗಳನ್ನು ಹೋಲಿಸಿದರು. ದಿನಕ್ಕೆ ಸುಮಾರು 2,000 ವಾಹನಗಳು ಓಡಾಡುವ ಬೀದಿಯ ನಿವಾಸಿಗಳಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರೆ, ಸುಮಾರು 16,000 ವಾಹನಗಳ ಬೀದಿಯಲ್ಲಿ ಒಬ್ಬರೂ ತುಂಬುತ್ತಿರಲಿಲ್ಲ. ಹೊಸ ಜಾಗಕ್ಕೆ ಹೋಗಿ ಒಂಟಿಯಾದೆವು ಎಂದು ಕೊರಗುವ ಎಷ್ಟೋ ಜನರು ತಮ್ಮ ಸ್ವಭಾವವನ್ನೇ ದೂರಿಕೊಳ್ಳುತ್ತಾರೆ. ಮನೆಯ ಮುಂದಿನ ರಸ್ತೆಯನ್ನೂ ಒಮ್ಮೆ ನೋಡಬೇಕಿತ್ತು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

[ದೃಶ್ಯ: ರಾತ್ರಿ, ತೆರೆದ ಕಿಟಕಿ, ಫೋನಿನ ಪರದೆಯ ಮೇಲೆ ಡೆಸಿಬಲ್ ಅಂಕಿ]

ವಾಹನಗಳ ಜೊತೆಗೇ ಶಬ್ದವೂ ಬರುತ್ತದೆ. ಒಂದೇ ಫೋನಿನಲ್ಲಿ, ಒಂದೇ ವಾರದ ದಿನದ ರಾತ್ರಿ ಎರಡೂ ಕಡೆ ಹೊರಗೆ ನಿಂತು ಅಳೆಯಿರಿ. ಫೋನಿನ ಅಂಕಿ ನಿಖರವಾಗಿರದಿದ್ದರೂ ಎರಡರ ನಡುವಿನ ಅಂತರ ಉಪಯೋಗಕ್ಕೆ ಬರುತ್ತದೆ. 10 ಡೆಸಿಬಲ್ ಹೆಚ್ಚಾದರೆ ನಮ್ಮ ಕಿವಿಗೆ ಶಬ್ದ ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ.

ಪ್ರಯಾಣದ ಸಮಯವನ್ನು ಭಾನುವಾರ ಅಳೆಯಬೇಡಿ. ನೀವು ನಿಜವಾಗಿ ಹೊರಡುವ ಹೊತ್ತಿನಲ್ಲಿ, ಹೋಗುವಾಗಲೂ ಬರುವಾಗಲೂ ಅಳೆಯಿರಿ. ಒಂದು ಬದಿಗೆ 15 ನಿಮಿಷದ ವ್ಯತ್ಯಾಸವೆಂದರೆ, 240 ಕೆಲಸದ ದಿನಗಳಲ್ಲಿ ವರ್ಷಕ್ಕೆ 120 ಗಂಟೆ.

ಎರಡು ಬಡಾವಣೆಗಳು ಬೇರೆ ಬೇರೆ ಸ್ಥಳೀಯ ಸಂಸ್ಥೆಗಳಿಗೆ ಸೇರಿದ್ದರೆ ತೆರಿಗೆ, ನೀರು, ಕಸ ವಿಲೇವಾರಿ, ಶಾಲೆಯ ವ್ಯಾಪ್ತಿ ಎಲ್ಲವೂ ಗಡಿಗೆರೆಯಲ್ಲಿ ಬದಲಾಗಬಹುದು. ಜನರು ತಮಗೆ ಒಪ್ಪುವ ತೆರಿಗೆ ಮತ್ತು ಸೌಲಭ್ಯಗಳಿರುವ ಊರನ್ನು ಆರಿಸಿ ನೆಲೆಸುತ್ತಾರೆಂದು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೌಟ್ 1956ರಲ್ಲಿ ವಾದಿಸಿದ್ದರು. ಆದರೆ ಆ ಸಿದ್ಧಾಂತ ಜನರಿಗೆ ಎಲ್ಲ ಮಾಹಿತಿಯೂ ಇದೆ ಎಂದು ಭಾವಿಸಿತ್ತು. ಆದ್ದರಿಂದ ಕಚೇರಿಗೇ ಹೋಗಿ ಕೇಳಿ.

[ದೃಶ್ಯ: ಎರಡೂ ಬಡಾವಣೆಗಳು ಮತ್ತೆ, ಸಂಜೆಯ ಬೆಳಕಿನಲ್ಲಿ]

ಶಬ್ದವನ್ನು ಒಳ್ಳೆಯ ಕಿಟಕಿಯಿಂದ ತಗ್ಗಿಸಬಹುದು. ಉದ್ಯೋಗ ಬದಲಾದರೆ ಪ್ರಯಾಣವೂ ಬದಲಾಗುತ್ತದೆ. ನೆಲದ ಮಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ತಗ್ಗಿನ ಬಡಾವಣೆ ಕಚೇರಿಗೆ ಹತ್ತಿರವಾಗಿದ್ದು ಎತ್ತರದ್ದು ದೂರವಾಗಿದ್ದರೆ, ಬಾಡಿಗೆಗೆ ಹೋಗುವವರು ತಗ್ಗಿನಲ್ಲೇ ಮೇಲಿನ ಮಹಡಿಯೊಂದನ್ನು ಹಿಡಿಯಬಹುದು. ಕೊಳ್ಳುವವರಿಗೆ ನಾನು ಎತ್ತರದ್ದನ್ನೇ ಹೇಳುತ್ತೇನೆ.