ಮಲಯಾಳಂಗೆ ಅಚ್ಚಿನ ಮೊಳೆ ಮಾಡಿದ್ದು ಯಾರು?

[ಸ್ಕ್ರೀನ್ ಮೇಲೆ ಕೈಬರಹದಲ್ಲಿ: ಕು, ತು, ರು]

ನಮಸ್ಕಾರ. ಈ ಮೂರು ಅಕ್ಷರ ನೋಡಿ. ಕ, ತ, ರ ಬರೆದು ಪಕ್ಕದಲ್ಲೊಂದು ಕೊಂಬು ಹಾಕಿದ್ರೆ ಮುಗೀತು. ಹಳೇ ಮಲಯಾಳಂ ಲಿಪೀಲಿ ಕೊಂಬು ಅಕ್ಷರದ ಮೈಗೇ ಅಂಟಿಕೊಳ್ತಿತ್ತು, ಅದೂ ಒಂದೊಂದಕ್ಕೆ ಒಂದೊಂದು ಥರ. ಕೈಯಲ್ಲಿ ಬರೆಯೋರಿಗೆ ಸರಿ, ಅಚ್ಚು ಹಾಕೋರ ಗತಿ? ಮೊಳೆ ಅಂದ್ರೆ ಅಚ್ಚಿಗೆ ಜೋಡಿಸೋ, ಸೀಸದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ. ಕ-ಗೆ ಒಂದು ಮೊಳೆ, ಕು-ಗೆ ಬೇರೆ, ಕೂ-ಗೆ ಇನ್ನೊಂದು. ಒತ್ತಕ್ಷರದ ಲೆಕ್ಕ ಇನ್ನೂ ಶುರುವೇ ಆಗಿಲ್ಲ!

[ಹಳೇ ಗಿಡದ ಚಿತ್ರಗಳು]

1678ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೊರ್ತುಸ್ ಮಲಬಾರಿಕಸ್’ ಅನ್ನೋ ಮಲಬಾರಿನ ಗಿಡಗಳ ಪುಸ್ತಕದಲ್ಲಿ ಮಲಯಾಳಂ ಅಕ್ಷರ ಇದೆ. ಆದ್ರೆ ಅದು ಮೊಳೆ ಅಲ್ಲ, ತಾಮ್ರದ ತಗಡಲ್ಲಿ ಕೊರೆದದ್ದು. ಮೊಳೆ ಜೋಡಿಸಿ ಪೂರ್ತಿ ಮಲಯಾಳಂ ಪುಸ್ತಕ ಬಂದಿದ್ದು 1772ರಲ್ಲಿ, ಕಾರ್ಮೆಲೈಟ್ ಪಾದ್ರಿ ಕ್ಲೆಮೆಂಟ್ ಅವರ ‘ಸಂಕ್ಷೇಪ ವೇದಾರ್ಥಂ’. ಎಲ್ಲಿ? ರೋಮ್‌ನಲ್ಲಿ! ಓದೋರು ಕೇರಳದಲ್ಲಿ, ಅಚ್ಚುಕೂಟ ಸಮುದ್ರದಾಚೆ.

[ನಕ್ಷೆ: ಕೋಟ್ಟಯಂ]

1821ರಲ್ಲಿ ಇಂಗ್ಲಿಷ್ ಮಿಶನರಿ ಬೆಂಜಮಿನ್ ಬೈಲಿ ಕೋಟ್ಟಯಂನಲ್ಲಿ ಸಿಎಂಎಸ್ (ಚರ್ಚ್ ಮಿಶನರಿ ಸೊಸೈಟಿ) ಪ್ರೆಸ್ ಶುರು ಮಾಡಿದ್ರು. ಯಂತ್ರ ಇಂಗ್ಲೆಂಡಿಂದ ಬಂತು, ಮೊಳೆ ಮದ್ರಾಸಿಂದ. ಆ ಮೊಳೆ ಬೈಲಿಗೆ ಹಿಡಿಸಲಿಲ್ಲ. ಮೊಳೆ ಎರಕ ಹೊಯ್ಯೋ ಜಾಗವನ್ನ ಅವರು ಕಣ್ಣಲ್ಲೂ ಕಂಡಿರಲಿಲ್ಲ. ಆದ್ರೂ ಪುಸ್ತಕ ಓದಿಕೊಂಡು, ಊರಿನ ಒಬ್ಬ ಬಡಗಿ, ಒಬ್ಬ ಅಕ್ಕಸಾಲಿಯನ್ನ ಕರೆಸಿಕೊಂಡು ಕೆಲಸಕ್ಕೆ ಕೂತ್ರು.

[ಕ್ಲೋಸಪ್: ಒಂದು ಅಚ್ಚುಮೊಳೆ]

ಮೊಳೆ ಆಗೋದು ಹೇಗೆ ಗೊತ್ತಾ? ಗಟ್ಟಿ ಲೋಹದ ಕಡ್ಡಿಯ ತುದೀಲಿ ಅಕ್ಷರವನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು. ಅದನ್ನ ತಾಮ್ರದ ತುಂಡಿನ ಮೇಲಿಟ್ಟು ಬಡಿದ್ರೆ ಗುಳಿ ಬೀಳುತ್ತೆ. ಆ ಗುಳಿಗೆ ಕಾದ ಸೀಸ ಹೊಯ್ದ್ರೆ ಮೊಳೆ. ಕೂದಲೆಳೆಯಷ್ಟು ತಪ್ಪಿದ್ರೂ ಸಾಲು ಸೊಟ್ಟ. ಓಲೆ, ಉಂಗುರ ಮಾಡಿ ಪಳಗಿದ ಕೈ ಇಲ್ಲದೆ ಇದು ಆಗ್ತಿತ್ತಾ? ಎಲ್ಲರೂ ಬೈಲಿ ಹೆಸರು ಹೇಳ್ತಾರೆ, ಆ ಅಕ್ಕಸಾಲಿಯನ್ನ ಕೇಳೋರಿಲ್ಲ. ನನಗಂತೂ ಅದು ಚುಚ್ಚುತ್ತೆ.

ಚೌಕ ಚೌಕವಾಗಿದ್ದ ಅಚ್ಚಿನಕ್ಷರ ಈ ಮೊಳೆಗಳಿಂದ ದುಂಡಗಾಯ್ತು. 1824ರಲ್ಲಿ ಮಕ್ಕಳ ಕಥೆಗಳ ಪುಸ್ತಕ, 1829ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಹೊರಬಂತು.

[ತಲಶ್ಶೇರಿ, ಮಂಗಳೂರು]

ಬಾಸೆಲ್ ಮಿಶನ್‌ನ ಜರ್ಮನ್ ಪಾದ್ರಿ ಹರ್ಮನ್ ಗುಂಡರ್ಟ್ ಹಿಡಿದ ದಾರಿ ಬೇರೆ. 1847ರಲ್ಲಿ ತಲಶ್ಶೇರಿಯಿಂದ ಬಂದ ‘ರಾಜ್ಯಸಮಾಚಾರಂ’ ಪತ್ರಿಕೆ ಕಲ್ಲಚ್ಚಿನದು. ಕಲ್ಲಿಗೆ ಮೊಳೆಯ ಗೊಡವೆ ಇಲ್ಲ, ಕೈ ಬರೆದದ್ದೇ ಅಚ್ಚು. ನಮ್ಮ ‘ಮಂಗಳೂರ ಸಮಾಚಾರ’ವೂ 1843ರಲ್ಲಿ ಹಾಗೇ ಶುರುವಾಗಿತ್ತು. ಗುಂಡರ್ಟ್ ಅವರ ದೊಡ್ಡ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾಗಿದ್ದು ಎಲ್ಲಿ ಅಂದ್ಕೊಂಡ್ರಿ? ಮಂಗಳೂರಲ್ಲೇ.

[ಒಂದೇ ಪದ, ಎರಡು ಫಾಂಟ್]

ಆ ಅಂಟಿಕೊಂಡ ಕೊಂಬು ಏನಾಯ್ತು ಅಂತೀರಾ? ಟೈಪ್‌ರೈಟರಿಗೆ ಹಿಡಿಸಬೇಕಲ್ಲ ಅಂತ 1971ರಲ್ಲಿ ಕೇರಳ ಸರ್ಕಾರ ಅದನ್ನ ಬಿಡಿಸಿ ಪಕ್ಕಕ್ಕಿಟ್ಟಿತು. ಈಗ ಕಂಪ್ಯೂಟರಲ್ಲಿ ಫಾಂಟ್ ಬದಲಿಸಿ ನೋಡಿ, ಹಳೇ ಕೊಂಬು ಮತ್ತೆ ಬಂದು ಅಂಟಿಕೊಳ್ಳುತ್ತೆ.