ಬೋಳುಹುಳಿಗೊಂದು ಬೆಳ್ಳುಳ್ಳಿ ಒಗ್ಗರಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಾಸರಗೋಡಿನ ತೋಟಗಳಲ್ಲಿ ಅಡಿಕೆ, ತೆಂಗು, ಕರಿಮೆಣಸು ಎಲ್ಲವೂ ಇವೆ, ಬೆಳ್ಳುಳ್ಳಿ ಮಾತ್ರ ಇಲ್ಲ. ಗಡ್ಡೆ ಕಟ್ಟಲು ಅದಕ್ಕೆ ಚಳಿ ಬೇಕು, ಬಲಿಯುವಾಗ ಒಣಹವೆ ಬೇಕು. ದೇಶದಲ್ಲಿ ಅತಿ ಹೆಚ್ಚು ಬೆಳ್ಳುಳ್ಳಿ ಬೆಳೆಯುವುದು ಮಧ್ಯಪ್ರದೇಶದಲ್ಲಿ. ಬದಿಯಡ್ಕದ, ಕುಂಬಳೆಯ ಅಂಗಡಿಗಳಿಗೆ ಅದು ದೂರದಿಂದಲೇ ಬರಬೇಕು. ಹಾಗಿದ್ದರೂ ಬಸಳೆ ಸಾಂಬಾರು, ಹುರುಳಿ ಸಾರು, ಬೋಳುಹುಳಿ ಇವೆಲ್ಲ ಬೆಳ್ಳುಳ್ಳಿಯನ್ನೇ ನಂಬಿಕೊಂಡಿವೆ.

ಬೋಳುಹುಳಿಯನ್ನೇ ನೋಡೋಣ. ಸಾಂಬಾರು ಸೌತೆಯನ್ನು ದೊಡ್ಡ ಹೋಳುಗಳಾಗಿ ಹೆಚ್ಚಿ, ಉಪ್ಪು, ಸೀಳಿದ ಹಸಿಮೆಣಸು, ಹುಣಸೆ ರಸ, ಚೂರು ಬೆಲ್ಲ ಹಾಕಿ ಬೇಯಿಸಿದರೆ ಮುಗಿಯಿತು. ತೆಂಗಿನಕಾಯಿ ಇಲ್ಲ, ಮಸಾಲೆ ಇಲ್ಲ. ಹಾಗಾಗಿ ರುಚಿಯ ಭಾರವೆಲ್ಲ ಒಗ್ಗರಣೆಯ ಮೇಲೆ. ಎಂಟು ಹತ್ತು ಎಸಳುಗಳನ್ನು ಸಿಪ್ಪೆ ಸಮೇತ ಜಜ್ಜಿ. ನುಣ್ಣಗೆ ಬೇಡ, ಎಸಳು ಬಾಯಿ ಬಿಟ್ಟರೆ ಸಾಕು. ಕಬ್ಬಿಣದ ಸೌಟಿನಲ್ಲಿ ಧಾರಾಳವಾಗಿ ತೆಂಗಿನೆಣ್ಣೆ ಕಾಯಿಸಿ, ಒಣಮೆಣಸು, ಸಾಸಿವೆ ಹಾಕಿ. ಸಾಸಿವೆ ಸಿಡಿದ ಮೇಲೆ ಬೆಂಕಿ ತಗ್ಗಿಸಿ ಬೆಳ್ಳುಳ್ಳಿ ಬಿಡಿ. ಮೊದಲು ಘಾಟು ಬರುತ್ತದೆ. ಸ್ವಲ್ಪ ಹೊತ್ತಿಗೆ ಘಾಟು ಇಳಿದು ಪರಿಮಳ ಏಳುತ್ತದೆ, ಎಸಳಿನ ಅಂಚು ಹೊಂಬಣ್ಣಕ್ಕೆ ತಿರುಗುತ್ತದೆ. ಸೌಟನ್ನು ಇಳಿಸಬೇಕಾದದ್ದು ಆಗಲೇ. ನಡುಭಾಗವೂ ಕೆಂಪಾಗಲಿ ಎಂದು ಕಾದರೆ ಕೆಟ್ಟಿತು, ಏಕೆಂದರೆ ಇಳಿಸಿದ ಮೇಲೂ ಕಬ್ಬಿಣದ ಕಾವು ಹುರಿಯುತ್ತಲೇ ಇರುತ್ತದೆ. ಕೂಡಲೇ ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿಬಿಡಿ. ಆ ಹೊಗೆ ಒಳಗೇ ಉಳಿದು ಹುಳಿಗೆ ಇಳಿಯಬೇಕು.

ನೀರುಳ್ಳಿಯಂತೆ ಬೆಳ್ಳುಳ್ಳಿಯನ್ನು ಹುರಿಯಲು ಬರುವುದಿಲ್ಲ. ನೀರುಳ್ಳಿಯ ತೂಕದಲ್ಲಿ ನೂರಕ್ಕೆ ಹತ್ತಿರ ಹತ್ತಿರ ತೊಂಬತ್ತು ಪಾಲು ನೀರೇ. ಬೆಳ್ಳುಳ್ಳಿಯಲ್ಲಿ ನೀರು ಸುಮಾರು ಅರುವತ್ತು ಪಾಲು ಮಾತ್ರ. ನೀರು ಕಡಿಮೆ ಇರುವುದರಿಂದ ಬೇಗ ಕಂದುತ್ತದೆ, ಕಂದಿದರೆ ಕಹಿ. ನಾಲ್ಕು ಎಸಳು ಕರಟಿದರೂ ಸಾಕು, ಇಡೀ ಪಾತ್ರೆಯಲ್ಲಿ ಆ ಕಹಿ ಗೊತ್ತಾಗುತ್ತದೆ.

ಇಡಿಯ ಎಸಳನ್ನು ಮೂಸಿದರೆ ಹೇಳಿಕೊಳ್ಳುವಂಥ ವಾಸನೆ ಇರುವುದಿಲ್ಲ. ಅದರೊಳಗೆ ಅಲಿಯಿನ್ ಎಂಬ ಗಂಧಕದ ಸಂಯುಕ್ತವೂ ಅಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆಯಾಗಿ ಕುಳಿತಿರುತ್ತವೆ. ಜಜ್ಜಿದಾಗ ಎರಡೂ ಕೂಡಿ ಅಲಿಸಿನ್ ಹುಟ್ಟುತ್ತದೆ. ಖಾರವೂ ಘಾಟೂ ಅದರದ್ದೇ. ಅಮೆರಿಕದ ರಸಾಯನಶಾಸ್ತ್ರಜ್ಞರಾದ ಕವಲಿಟೊ ಮತ್ತು ಬೇಯ್ಲಿ 1944ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ. ಅದಕ್ಕೇ ಇಡಿಯಾಗಿ ಬೇಯಿಸಿದ ಎಸಳು ಸಿಹಿಯಾಗಿ, ಬೆಣ್ಣೆಯಂತೆ ಕರಗುತ್ತದೆ. ಹುರುಳಿಯ ಜೊತೆ ಬೇಯಲು ನಾನು ಇಡಿಯ ಎಸಳುಗಳನ್ನೇ ಹಾಕುತ್ತೇನೆ, ಒಗ್ಗರಣೆಗೆ ಜಜ್ಜಿದ್ದನ್ನು. ಜಜ್ಜಿ ಹತ್ತು ನಿಮಿಷ ಬಿಟ್ಟು ಎಣ್ಣೆಗೆ ಹಾಕಿದರೆ ಬೆಳ್ಳುಳ್ಳಿಯ ಗುಣ ತುಸು ಹೆಚ್ಚು ಉಳಿಯುತ್ತದೆ. ಒಲೆ ಹೊತ್ತಿಸುವ ಮೊದಲೇ ಜಜ್ಜಿಟ್ಟುಕೊಂಡರೆ ಆಯಿತು.

ಕುಚ್ಚಲಕ್ಕಿ ಗಂಜಿಗೆ ಚಟ್ನಿ ಮಾಡುವಾಗ ಮಾತ್ರ ಹಸಿಯ ಎಸಳೇ ಬೇಕು. ಕೆಂಡದಲ್ಲಿ ಸುಟ್ಟ ಒಣಮೆಣಸು, ಹುಣಸೆ, ಉಪ್ಪು, ತೆಂಗಿನತುರಿ ಎಲ್ಲ ಅರೆದಾದ ಮೇಲೆ ಕೊನೆಗೆ ಎರಡು ಎಸಳು ಹಾಕಿ ಒಂದು ಸುತ್ತು ತಿರುಗಿಸಿ. ಎರಡೇ ಸಾಕು, ನಾಲ್ಕಾದರೆ ತೆಂಗಿನಕಾಯಿಯ ರುಚಿ ಅಡಗಿಹೋಗುತ್ತದೆ. ಪೊಟ್ಟಣದಲ್ಲಿ ಬರುವ ಶುಂಠಿ ಬೆಳ್ಳುಳ್ಳಿ ಪೇಸ್ಟನ್ನು ಈ ಚಟ್ನಿಗಾಗಲಿ, ಬೋಳುಹುಳಿಗಾಗಲಿ ದಯವಿಟ್ಟು ಹಾಕಬೇಡಿ. ಕೆಡದಿರಲು ಅದಕ್ಕೆ ಹುಳಿ ಸೇರಿಸಿರುತ್ತಾರೆ, ತಾಜಾ ಘಾಟು ಅದರಲ್ಲಿ ಉಳಿದಿರುವುದಿಲ್ಲ.

ಇನ್ನು ಮಳೆಗಾಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಊರಿನಲ್ಲಿ ಡಬ್ಬಿಯಲ್ಲಿ ಮುಚ್ಚಿಟ್ಟ ಬೆಳ್ಳುಳ್ಳಿಗೆ ಬೂಸ್ಟು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಮೊಳಕೆ ಬರುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ, ಒಲೆಯ ಕಾವು ತಾಗುವಷ್ಟು ಹತ್ತಿರ ತೂಗುಹಾಕಿದರೆ ಬಾಳುತ್ತದೆ. ಉಪ್ಪಿನಕಾಯಿಯಲ್ಲಿ ಎಸಳು ಹಸಿರು ಅಥವಾ ನೀಲಿಗೆ ತಿರುಗಿದರೆ ಹೆದರಿ ಚೆಲ್ಲಬೇಡಿ. ಹುಳಿ ತಾಗಿದಾಗ ಗಂಧಕದ ಸಂಯುಕ್ತಗಳಿಂದ ಹುಟ್ಟುವ ಬಣ್ಣ ಅದು, ತಿನ್ನಲು ತೊಂದರೆಯಿಲ್ಲ. ಆದರೆ ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ದಿನಗಟ್ಟಲೆ ಹೊರಗಿಡುವುದು ನಿಜವಾಗಿಯೂ ಅಪಾಯ. ಗಾಳಿಯಿಲ್ಲದಲ್ಲಿ ಬೆಳೆಯುವ ಬಾಟ್ಯುಲಿಸಂ ಸೂಕ್ಷ್ಮಾಣು ಅಲ್ಲಿ ವಿಷ ಉಂಟುಮಾಡಬಹುದು, ಮೂಸಿ ನೋಡಿದರೆ ಅದು ತಿಳಿಯುವುದೂ ಇಲ್ಲ.

ಚಾತುರ್ಮಾಸ್ಯದಲ್ಲಿ, ಶ್ರಾದ್ಧದ ದಿನಗಳಲ್ಲಿ ಬೆಳ್ಳುಳ್ಳಿ ಬಿಡುವ ಮನೆಗಳು ನಮ್ಮಲ್ಲಿ ಬಹಳ. ಆಗ ಒಗ್ಗರಣೆಗೆ ಇಂಗು ಬರುತ್ತದೆ, ಅದರ ವಾಸನೆಯೂ ಗಂಧಕದ್ದೇ ಆದ್ದರಿಂದ ಆ ಜಾಗ ತುಂಬುತ್ತದೆ. ಆದರೆ ಎರಡನ್ನೂ ಒಂದೇ ಸೌಟಿಗೆ ಹಾಕುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬೆಳ್ಳುಳ್ಳಿ ಹಾಕಿದ ದಿನ ಇಂಗಿನ ಡಬ್ಬಿ ಮುಚ್ಚಿಯೇ ಇರಲಿ.

ನಮಸ್ಕಾರ.